ಗ್ಯಾಸ್ ಇದೆ ಸರಿ, ಎಷ್ಟು ದಿನಕ್ಕೆ?

2017ರ ಆಗಸ್ಟ್ 15. ತೈವಾನ್‌ನಲ್ಲಿ ಸಂಜೆ ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ದಾತಾನ್ ಎಂಬಲ್ಲಿನ ದೊಡ್ಡ ವಿದ್ಯುತ್ ಸ್ಥಾವರಕ್ಕೆ ಗ್ಯಾಸ್, ಅಂದರೆ ನೈಸರ್ಗಿಕ ಅನಿಲ, ಅಳೆದು ಬಿಡುವ ಸ್ಟೇಷನ್‌ನಲ್ಲಿ ರಿಪೇರಿ ನಡೆದಿತ್ತು. ಕಂಟ್ರೋಲ್ ವ್ಯವಸ್ಥೆಗೆ ಕರೆಂಟ್ ಕೊಡುವ ಒಂದು ಭಾಗವನ್ನು ಬದಲಾಯಿಸಬೇಕಿತ್ತು, ಅಷ್ಟೇ. ಬದಲಾಯಿಸುವಾಗ ಎಡವಟ್ಟಾಯಿತು. ಪೈಪ್‌ನ ಎರಡು ವಾಲ್ವ್‌ಗಳು ತಾವಾಗಿಯೇ ಮುಚ್ಚಿಕೊಂಡವು. ಎರಡು ನಿಮಿಷ ಕಳೆದ ಮೇಲೆ ಮತ್ತೆ ತೆರೆದುಕೊಂಡವು.

ಅಷ್ಟರಲ್ಲಿ ಸ್ಥಾವರದ ಆರೂ ಘಟಕಗಳು ಸಾಲಾಗಿ ಬಂದ್ ಆಗಿದ್ದವು. 4,000 ಮೆಗಾವ್ಯಾಟ್‌ಗಿಂತ ಜಾಸ್ತಿ ಕರೆಂಟ್ ಗ್ರಿಡ್‌ನಿಂದ ಒಮ್ಮೆಲೇ ಮಾಯವಾಯಿತು. ಲಕ್ಷಾಂತರ ಮನೆಗಳು ಕತ್ತಲಾದವು. ಗ್ಯಾಸ್ ಎರಡೇ ನಿಮಿಷದಲ್ಲಿ ವಾಪಸ್ ಬಂತು ನಿಜ, ಆದರೆ ಟರ್ಬೈನ್ ಅಷ್ಟು ಬೇಗ ವಾಪಸ್ ಬರುವುದಿಲ್ಲ. ಒಳಗೆ ಸುಡದೆ ಉಳಿದ ಗ್ಯಾಸನ್ನು ಮೊದಲು ಗಾಳಿ ಹಾಯಿಸಿ ಹೊರಹಾಕಬೇಕು. ಆಮೇಲೆ ಹೊತ್ತಿಸಬೇಕು, ವೇಗ ಏರಿಸಬೇಕು, ಗ್ರಿಡ್‌ನ ತಾಳಕ್ಕೆ ಹೊಂದಿಸಿ ಜೋಡಿಸಬೇಕು. ಇಷ್ಟನ್ನೂ ಒಂದೊಂದೇ ಘಟಕಕ್ಕೆ ಮಾಡುತ್ತಾ ಬರಬೇಕು. ರಾತ್ರಿವರೆಗೂ ಸರದಿ ಪ್ರಕಾರ ಕರೆಂಟ್ ಕಡಿತ ನಡೆಯಿತು. ಆರ್ಥಿಕ ವ್ಯವಹಾರಗಳ ಸಚಿವ ಲೀ ಚಿ-ಕುಂಗ್ ರಾಜೀನಾಮೆ ಕೊಡಬೇಕಾಯಿತು.

ಆ ದಿನ ತೈವಾನ್‌ನಲ್ಲಿ ಗ್ಯಾಸ್‌ಗೆ ಬರ ಇರಲಿಲ್ಲ. ಟ್ಯಾಂಕ್‌ನಲ್ಲಿ ಇತ್ತು, ಪೈಪ್‌ನಲ್ಲೂ ಇತ್ತು. ಬರ್ನರ್‌ವರೆಗೆ ಬರಲಿಲ್ಲ, ಅಷ್ಟೇ.

ಇಂಧನ ಭದ್ರತೆಯ ಮಾತು ಬಂದಾಗಲೆಲ್ಲ ನೆಲದೊಳಗಿನ ಲೆಕ್ಕವೇ ಮುಂದೆ ಬರುತ್ತದೆ. ಇಷ್ಟು ನಿಕ್ಷೇಪ ಇದೆ, ಇಷ್ಟು ವರ್ಷಕ್ಕೆ ಸಾಕು, ಇಷ್ಟು ಹೊಸ ಬಾವಿ ಕೊರೆಯುತ್ತೇವೆ. ಭಾಷಣಕ್ಕೆ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಗ್ಯಾಸ್‌ನಿಂದ ಕರೆಂಟ್ ಮಾಡುವ ದೇಶ ಕೇಳಿಕೊಳ್ಳಬೇಕಾದ್ದು ಬೇರೆ. ಇವತ್ತು ಒಂದು ದಾರಿ ಮುಚ್ಚಿದರೆ ಎಷ್ಟು ದಿನ ತಡೆಯುತ್ತದೆ? ಎರಡನೇ ದಾರಿ ಯಾವುದು? ಎಲ್ಲರಿಗೂ ಸಾಲದೆ ಹೋದಾಗ ಮೊದಲ ಕತ್ತರಿ ಯಾರಿಗೆ? ನಿಕ್ಷೇಪದ ಅಂಕಿಗಿಂತ ಈ ಉತ್ತರಗಳಲ್ಲೇ ನಿಜವಾದ ಭದ್ರತೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ರಾಶಿ ಹಾಕಲಾಗದ ಇಂಧನ

ಕಲ್ಲಿದ್ದಲು ಸ್ಥಾವರದ ಅಂಗಳದಲ್ಲಿ ಕಪ್ಪು ಗುಡ್ಡ ಬಿದ್ದಿರುತ್ತದೆ. ಹತ್ತು ದಿನಕ್ಕಿದೆಯೋ ಇಪ್ಪತ್ತು ದಿನಕ್ಕಿದೆಯೋ, ಒಂದು ಸುತ್ತು ಹಾಕಿದರೆ ಅಂದಾಜು ಸಿಗುತ್ತದೆ. ರೈಲು ಎರಡು ದಿನ ತಡವಾದರೂ ಬಾಯ್ಲರ್ ಉರಿಯುತ್ತಲೇ ಇರುತ್ತದೆ. ಅಣುಸ್ಥಾವರಕ್ಕೆ ಒಮ್ಮೆ ಇಂಧನ ತುಂಬಿದರೆ ವರ್ಷಕ್ಕೂ ಮೇಲೆ ಯೋಚನೆ ಇಲ್ಲ. ಗ್ಯಾಸ್ ಸ್ಥಾವರದ ಅಂಗಳದಲ್ಲಿ ಮಾತ್ರ ಅಂಥದ್ದೇನೂ ಕಾಣುವುದಿಲ್ಲ. ಒಂದು ಪೈಪ್ ಒಳಗೆ ಬರುತ್ತದೆ. ಈ ಕ್ಷಣ ಬಂದದ್ದು ಈ ಕ್ಷಣವೇ ಉರಿದುಹೋಗುತ್ತದೆ.

ಒಂದು ಸಣ್ಣ ಆಸರೆ ಇದೆ. ಉದ್ದನೆಯ ಪೈಪ್‌ನಲ್ಲಿ ಒತ್ತಡ ಹಾಕಿ ತುಂಬಿದ ಗ್ಯಾಸೇ ಒಂದು ಬಗೆಯ ದಾಸ್ತಾನು. ಈ ಕೆಲಸದಲ್ಲಿ ಇರುವವರು ಅದನ್ನು ಲೈನ್‌ಪ್ಯಾಕ್ ಅನ್ನುತ್ತಾರೆ. ಆ ಕಡೆಯಿಂದ ಬರುವುದು ಕಡಿಮೆಯಾದರೂ ಈ ಕಡೆ ಕೆಲವು ಗಂಟೆ ಎಳೆಯಬಹುದು. ಎಳೆದಂತೆಲ್ಲ ಒತ್ತಡ ಇಳಿಯುತ್ತದೆ. ದೊಡ್ಡ ಟರ್ಬೈನ್‌ಗೆ ಬೇಕಾದ ಒತ್ತಡ ಅಡುಗೆ ಒಲೆಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಪೈಪ್ ಖಾಲಿಯಾಗುವ ಬಹಳ ಮೊದಲೇ ಟರ್ಬೈನ್ ಕೈ ಚೆಲ್ಲುತ್ತದೆ. ಇನ್ನೊಂದು ತೊಡಕು ವೇಗದ್ದು. ಕರೆಂಟ್ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ. ಪೈಪ್‌ನಲ್ಲಿ ಗ್ಯಾಸ್ ಹೋಗುವುದು ಗಂಟೆಗೆ 30–40 ಕಿ.ಮೀ. ಆಸುಪಾಸಿನಲ್ಲಿ. ಸಾವಿರ ಕಿ.ಮೀ. ದೂರದಿಂದ ಹೊರಟ ಗ್ಯಾಸ್ ನಾಳೆಗೆ ಸಿಕ್ಕೀತು. ಇವತ್ತು ಸಂಜೆಯ ಬೇಡಿಕೆಗೆ ಅದು ಇಲ್ಲದಂತೆಯೇ.

ಹಡಗಿನ ಲೆಕ್ಕ ಇನ್ನೂ ಚುರುಕು ಮುಟ್ಟಿಸುತ್ತದೆ. ಗ್ಯಾಸನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ ಅದು ದ್ರವವಾಗುತ್ತದೆ, ಗಾತ್ರ ಆರುನೂರರಲ್ಲಿ ಒಂದು ಪಾಲಾಗುತ್ತದೆ. ಅದೇ ಎಲ್‌ಎನ್‌ಜಿ. ಇಂದಿನ ದೊಡ್ಡ ಹಡಗು ಒಂದು ಸಲಕ್ಕೆ ಸುಮಾರು 1,74,000 ಘನ ಮೀಟರ್ ಹೊರುತ್ತದೆ. ಕೇಳಲು ಸಾಗರದಷ್ಟು ಅನಿಸುತ್ತದೆ, ಅಲ್ವಾ? 1,000 ಮೆಗಾವ್ಯಾಟ್‌ನ ಒಂದು ಒಳ್ಳೆಯ ಸ್ಥಾವರವನ್ನು ಪೂರ್ತಿ ಓಡಿಸಿದರೆ ಆ ಹಡಗು ಹೆಚ್ಚುಕಡಿಮೆ ಮೂರೂವರೆ ವಾರಕ್ಕೆ ಬರುತ್ತದೆ. ಅಂಥ ಹತ್ತು ಸ್ಥಾವರ ಇರುವ ದೇಶಕ್ಕೆ ಎರಡೂವರೆ ದಿನ. ಅಂದರೆ ಎರಡೂವರೆ ದಿನಕ್ಕೊಮ್ಮೆ ಬಂದರಿನಲ್ಲಿ ಒಂದು ಹಡಗು ನಿಲ್ಲಲೇಬೇಕು, ವರ್ಷಪೂರ್ತಿ, ಮಳೆಗಾಳಿ ಏನೇ ಇರಲಿ. ಟ್ಯಾಂಕ್ ಕಟ್ಟಿ ತಿಂಗಳುಗಟ್ಟಲೆ ಇಟ್ಟುಕೊಳ್ಳೋಣ ಅಂದರೆ ಆ ತಣ್ಣನೆಯ ದ್ರವ ಸುಮ್ನೆ ಕೂರುವುದಿಲ್ಲ. ದಿನಾ ಒಂದಿಷ್ಟು ಕುದಿದು ಆವಿಯಾಗುತ್ತಲೇ ಇರುತ್ತದೆ. ಕರೆಂಟ್‌ನ ಅರ್ಧದ ಹತ್ತಿರ ಗ್ಯಾಸ್‌ನಿಂದಲೇ ಮಾಡುವ ತೈವಾನ್ ಇಟ್ಟುಕೊಳ್ಳುವ ಎಲ್‌ಎನ್‌ಜಿ ದಾಸ್ತಾನು ಸುಮಾರು 11 ದಿನದ್ದು. ಜಪಾನ್‌ನದೂ ವಾರಗಳ ಲೆಕ್ಕವೇ, ತಿಂಗಳುಗಳದ್ದಲ್ಲ.

ಹೀಗಿದ್ದರೂ ಎಲ್ಲರೂ ಗ್ಯಾಸ್ ಹಿಂದೆ ಯಾಕೆ ಬೀಳುತ್ತಾರೆ? ಕಾರಣಗಳು ಗಟ್ಟಿಯಾಗಿಯೇ ಇವೆ. ಒಳ್ಳೆಯ ಕಂಬೈನ್ಡ್ ಸೈಕಲ್ ಸ್ಥಾವರ (ಗ್ಯಾಸ್ ಟರ್ಬೈನ್‌ನ ಬಿಸಿ ಹೊಗೆಯಿಂದ ಉಗಿ ಮಾಡಿ ಇನ್ನೊಂದು ಟರ್ಬೈನನ್ನೂ ತಿರುಗಿಸುವಂಥದ್ದು) ಇಂಧನದ ಶೇ 60ರಷ್ಟು ಶಕ್ತಿಯನ್ನು ಕರೆಂಟ್ ಮಾಡುತ್ತದೆ, ಕಲ್ಲಿದ್ದಲಿಗೆ ಅದು ಆಗದ ಮಾತು. ಅಷ್ಟೇ ಕರೆಂಟಿಗೆ ಹೊರಬರುವ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿನ ಅರ್ಧದಷ್ಟು. ಬೂದಿ ಇಲ್ಲ. ಬೇಕೆಂದಾಗ ಬೇಗ ಶುರುವಾಗುತ್ತದೆ, ಸಾಕೆಂದಾಗ ನಿಲ್ಲುತ್ತದೆ. ಗಾಳಿ, ಬಿಸಿಲು ಕೈಕೊಟ್ಟ ಸಂಜೆಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಬಹಳ ಕಾಲ ಇರಲಿಲ್ಲ.

ಕತ್ತರಿ ಮೊದಲು ಬೀಳುವುದು ಎಲ್ಲಿ?

ಗ್ಯಾಸ್ ಸಾಲದೆ ಹೋದಾಗ ಬಹುತೇಕ ದೇಶಗಳಲ್ಲಿ ಮೊದಲು ನಿಲ್ಲುವುದು ಕಾರ್ಖಾನೆ ಮತ್ತು ವಿದ್ಯುತ್ ಸ್ಥಾವರ. ಮನೆಗಳಿಗೆ ಹೋಗುವ ಗ್ಯಾಸ್ ಕೊನೆಗೆ. ವೋಟಿನ ಲೆಕ್ಕ ಅಂತ ಕಾಣಬಹುದು. ಆದರೆ ಒಳಗೊಂದು ತಾಂತ್ರಿಕ ಕಾರಣ ಇದೆ. ಅದು ಗೊತ್ತಾಗಬೇಕಾದರೆ ಅಮೆರಿಕದ ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ 2019ರ ಜನವರಿಯಲ್ಲಿ ನಡೆದದ್ದನ್ನು ನೋಡಬೇಕು.

ವಿಪರೀತ ಚಳಿಯ ದಿನ ಅಲ್ಲಿನ ಪೈಪ್‌ನಲ್ಲಿ ಒತ್ತಡ ಕುಸಿಯಿತು. ಏಳು ಸಾವಿರಕ್ಕೂ ಹೆಚ್ಚು ಗ್ರಾಹಕರಿಗೆ ಗ್ಯಾಸ್ ನಿಂತಿತು. ಒತ್ತಡ ಸರಿಯಾದ ಮೇಲೆ ಮೇನ್ ವಾಲ್ವ್ ತಿರುಗಿಸಿಬಿಟ್ಟರೆ ಆಯಿತಲ್ಲ ಅನ್ನಬಹುದು. ಹಾಗೆ ಮಾಡುವಂತಿಲ್ಲ. ಮನೆಮನೆಯ ಹೀಟರ್‌ನಲ್ಲಿ ಉರಿ ಆರಿಹೋಗಿರುತ್ತದೆ. ಉರಿ ಇಲ್ಲದ ಬರ್ನರ್‌ಗೆ ಗ್ಯಾಸ್ ಬಿಟ್ಟರೆ ಮನೆ ತುಂಬ ಗ್ಯಾಸ್. ಹಾಗಾಗಿ ತಂತ್ರಜ್ಞರು ಒಂದೊಂದು ಮನೆಗೂ ಹೋಗಿ ಮೊದಲು ಮೀಟರ್ ಬಂದ್ ಮಾಡಬೇಕು, ಎಲ್ಲ ಮನೆ ಬಂದ್ ಆದ ಮೇಲೆ ಪೈಪ್ ತುಂಬಿಸಬೇಕು. ಮತ್ತೆ ಒಂದೊಂದು ಮನೆಗೂ ಹೋಗಿ ಕೈಯಾರೆ ಹೊತ್ತಿಸಬೇಕು. ಹೀಗೆ ಒಂದು ವಾರ ಹಿಡಿಯಿತು.

ಒಂದು ಪುಟ್ಟ ಊರಿಗೇ ಒಂದು ವಾರವಾದರೆ ಮಹಾನಗರಕ್ಕೆ ಎಷ್ಟಾದೀತು? ಈ ಭಯದಿಂದಲೇ ಗ್ಯಾಸ್ ಜಾಲ ನಡೆಸುವವರು ಏನೇ ಆದರೂ ಮನೆಗಳ ಪೈಪ್‌ನ ಒತ್ತಡ ಬಿಟ್ಟುಕೊಡುವುದಿಲ್ಲ. ಬದಲಿಗೆ ಸ್ಥಾವರಕ್ಕೆ ನಿಲ್ಲಿಸುತ್ತಾರೆ. ಚಳಿ ಜಾಸ್ತಿಯಾದ ದಿನವೇ ಕರೆಂಟಿಗೂ ಬೇಡಿಕೆ ಜಾಸ್ತಿ ಅನ್ನುವುದು ಬೇರೆ ಮಾತು.

ನೆಲದಲ್ಲಿ ಇದ್ದರೆ ಸಾಕೇ?

ಗ್ಯಾಸ್ ಭದ್ರತೆ ಅಂದರೆ ಸ್ವಂತ ಗ್ಯಾಸ್ ಇರುವುದು ಎಂದು ನಂಬಿರುವವರಿಗೆ ಟೆಕ್ಸಾಸ್‌ನ ಕಥೆ ಹೇಳಬೇಕು. ಅಮೆರಿಕದಲ್ಲೇ ಅತಿ ಹೆಚ್ಚು ಗ್ಯಾಸ್ ತೆಗೆಯುವ ರಾಜ್ಯ ಅದು. 2021ರ ಫೆಬ್ರುವರಿಯಲ್ಲಿ ಅಲ್ಲಿ ಭಾರಿ ಚಳಿ ಬಿತ್ತು. ಬಾವಿಯಿಂದ ಬರುವ ಗ್ಯಾಸ್‌ನ ಜೊತೆ ನೀರಿನ ಅಂಶವೂ ಇರುತ್ತದೆ. ಅದು ಬಾವಿಯ ಬಾಯಲ್ಲೇ ಹೆಪ್ಪುಗಟ್ಟಿತು. ಕೆಲವೇ ದಿನಗಳಲ್ಲಿ ರಾಜ್ಯದ ಗ್ಯಾಸ್ ಉತ್ಪಾದನೆ ಅರ್ಧದಷ್ಟು ಕುಸಿಯಿತು. ಗ್ಯಾಸ್ ಇಲ್ಲದೆ ಕೆಲವು ಸ್ಥಾವರಗಳು ನಿಂತವು, ಚಳಿಗೆ ಸಿಕ್ಕಿ ಇನ್ನು ಕೆಲವು. ಗ್ರಿಡ್ ಉಳಿಸಿಕೊಳ್ಳಲು ಲೋಡ್‌ಶೆಡ್ಡಿಂಗ್ ಶುರು ಮಾಡಿದರು. ಎಡವಟ್ಟಾಗಿದ್ದು ಅಲ್ಲೇ. ಗ್ಯಾಸನ್ನು ಪೈಪ್‌ನಲ್ಲಿ ತಳ್ಳುವ ಕಂಪ್ರೆಸರ್‌ಗಳಲ್ಲಿ, ಗ್ಯಾಸ್ ಶುದ್ಧಿ ಮಾಡುವ ಘಟಕಗಳಲ್ಲಿ ಹಲವು ಅದೇ ಗ್ರಿಡ್‌ನ ಕರೆಂಟ್‌ನಿಂದ ಓಡುತ್ತಿದ್ದವು. ಇವಕ್ಕೆ ಕರೆಂಟ್ ಕಡಿಯಬಾರದು ಎಂಬ ಪಟ್ಟಿಯಲ್ಲಿ ಅವುಗಳ ಹೆಸರೇ ಇರಲಿಲ್ಲ. ಕರೆಂಟ್ ಕಡಿದರು, ಗ್ಯಾಸ್ ಇನ್ನಷ್ಟು ಕಡಿಮೆಯಾಯಿತು. ಗ್ಯಾಸ್ ಕಡಿಮೆಯಾಯಿತು, ಇನ್ನಷ್ಟು ಸ್ಥಾವರ ನಿಂತವು.

ಫೆಬ್ರುವರಿ 15ರ ನಸುಕಿನಲ್ಲಿ ಗ್ರಿಡ್‌ನ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ) 60 ಹರ್ಟ್ಜ್‌ನಿಂದ 59.4ಕ್ಕೂ ಕೆಳಗೆ ಇಳಿಯಿತು. ಒಂಬತ್ತು ನಿಮಿಷ ಹಾಗೇ ಇದ್ದರೆ ಉಳಿದ ಜನರೇಟರ್‌ಗಳೂ ತಮ್ಮನ್ನು ಕಾಪಾಡಿಕೊಳ್ಳಲು ತಾವಾಗಿಯೇ ಕಳಚಿಕೊಳ್ಳುತ್ತವೆ. ಆಮೇಲೆ ರಾಜ್ಯವೆಲ್ಲ ಕತ್ತಲು, ಮತ್ತೆ ಎದ್ದು ನಿಲ್ಲಲು ವಾರಗಳೇ ಬೇಕಾಗಬಹುದು. ಗಡುವಿಗೆ 4 ನಿಮಿಷ 37 ಸೆಕೆಂಡ್ ಇರುವಾಗ ಫ್ರೀಕ್ವೆನ್ಸಿ ಮೇಲೆ ಬಂತು. ಗ್ರಿಡ್ ಉಳಿಯಿತು. ಆದರೆ ನಲವತ್ತೈದು ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಲ್ಲಿ ಕಳೆದವು. ರಾಜ್ಯದ ಅಧಿಕೃತ ಲೆಕ್ಕದಲ್ಲೇ 246 ಜನ ಸತ್ತರು. ಹತ್ತು ವರ್ಷ ಮೊದಲು, 2011ರಲ್ಲಿ, ಇಂಥದೇ ಚಳಿ ಬಂದು ಹೋಗಿತ್ತು. ಬಾವಿ, ಸ್ಥಾವರಗಳನ್ನು ಚಳಿಗೆ ತಯಾರು ಮಾಡಿ ಎಂದು ಅಂದೇ ವರದಿ ಬಂದಿತ್ತು. ಕಡ್ಡಾಯ ಮಾಡಿರಲಿಲ್ಲ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು.

ಈಜಿಪ್ಟ್‌ನದು ಇನ್ನೊಂದು ಬಗೆ. 2015ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಜೋಹ್ರ್ ಎಂಬ ಭಾರಿ ನಿಕ್ಷೇಪ ಸಿಕ್ಕಿತು. 2017ರ ಕೊನೆಗೆ ಗ್ಯಾಸ್ ಹರಿಯತೊಡಗಿತು. ದೇಶ ರಫ್ತಿನ ಕನಸು ಕಂಡಿತು, ರಫ್ತು ಮಾಡಿತು ಕೂಡ. ಆದರೆ ಉತ್ಪಾದನೆ ಇಳಿಯತೊಡಗಿತು, ಬೇಸಿಗೆಯ ಎಸಿ ಬೇಡಿಕೆ ಏರುತ್ತಲೇ ಹೋಯಿತು. ನೆರೆಯ ಇಸ್ರೇಲ್‌ನಿಂದ ಬರುವ ಗ್ಯಾಸ್ ಯುದ್ಧ ಬಂದಾಗೆಲ್ಲ ಕಡಿಮೆಯಾಗುತ್ತಿತ್ತು ಅಥವಾ ನಿಲ್ಲುತ್ತಿತ್ತು. 2024ರ ಜೂನ್‌ನಲ್ಲಿ ಕರೆಂಟ್ ಕಡಿತ ದಿನಕ್ಕೆ ಮೂರು ಗಂಟೆಗೆ ಬಂತು. ಎಲ್‌ಎನ್‌ಜಿ ಮಾರುತ್ತಿದ್ದ ದೇಶ ಎಲ್‌ಎನ್‌ಜಿ ಹಡಗಿಗಾಗಿ ಕಾಯತೊಡಗಿತು.

ನೈಜೀರಿಯಾದಲ್ಲಿ ಆಫ್ರಿಕಾದಲ್ಲೇ ಅತಿ ದೊಡ್ಡ ಗ್ಯಾಸ್ ನಿಕ್ಷೇಪ ಇದೆ. ಕರೆಂಟ್‌ನ ಬಹುಪಾಲು ಗ್ಯಾಸ್‌ನಿಂದಲೇ ಬರುತ್ತದೆ. ಆದರೂ ಸ್ಥಾವರಗಳು ಗ್ಯಾಸ್ ಇಲ್ಲ ಎಂದು ನಿಲ್ಲುತ್ತವೆ. ಅಲ್ಲಿ ಪೈಪ್ ಒಡೆಯುವವರ ಕಾಟ ಒಂದು. ಅದಕ್ಕಿಂತ ದೊಡ್ಡದು ದುಡ್ಡಿನ ಸರಪಳಿ. ಗ್ರಾಹಕ ಬಿಲ್ ಕಟ್ಟುವುದಿಲ್ಲ, ಕಟ್ಟಿದರೂ ದರ ಖರ್ಚಿಗೆ ಸಾಲುವುದಿಲ್ಲ. ವಿತರಣಾ ಕಂಪನಿ ಸ್ಥಾವರಕ್ಕೆ ಬಾಕಿ, ಸ್ಥಾವರ ಗ್ಯಾಸ್ ಕೊಡುವವನಿಗೆ ಬಾಕಿ. ಬಾಕಿ ಬೆಳೆದಂತೆ ಗ್ಯಾಸ್ ಮಾರುವವನಿಗೆ ರಫ್ತೇ ಚೆಂದ ಕಾಣುತ್ತದೆ, ಅಲ್ಲಿ ಡಾಲರ್ ಕೈಗೆ ಬರುತ್ತದೆ. ಭದ್ರತೆ ಎಂದರೆ ಪೈಪ್, ಟ್ಯಾಂಕ್, ಕಾವಲು ಅಂತ ಮಾತಾಡುತ್ತೇವೆ. ಹೊತ್ತಿಗೆ ಸರಿಯಾಗಿ ಬಿಲ್ ಕಟ್ಟುವ ವಿತರಣಾ ಕಂಪನಿಯೂ ಭದ್ರತೆಯೇ. ಇದನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ದರದ ಮಾತು ಯಾರಿಗೂ ಹಿಡಿಸುವುದಿಲ್ಲ.

ತಿರುಗಿ ಹೋದ ಹಡಗುಗಳು

ಈಗ ಆಮದಿನ ಕಡೆ ಬರೋಣ. 2021ರಲ್ಲಿ ಯುರೋಪಿಯನ್ ಒಕ್ಕೂಟ ಆಮದು ಮಾಡಿಕೊಂಡ ಗ್ಯಾಸ್‌ನಲ್ಲಿ ಶೇ 45ರಷ್ಟು ರಷ್ಯಾದ್ದು. ಜರ್ಮನಿಗೆ ಅದು ಅರ್ಧಕ್ಕೂ ಜಾಸ್ತಿ. ದಶಕಗಳ ಕಾಲ ಹೆಚ್ಚುಕಡಿಮೆ ತೊಂದರೆ ಇಲ್ಲದೆ ಬಂದಿತ್ತು, ಅಗ್ಗವೂ ಆಗಿತ್ತು. ಹಾಗಾಗಿ ಒಂದೇ ಬಾಗಿಲಿನ ಮನೆಯಾಗುತ್ತಿದೆ ಎಂದು ಎಚ್ಚರಿಸಿದವರ ಮಾತು ಯಾರ ಕಿವಿಗೂ ಬೀಳಲಿಲ್ಲ. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಮೇಲೆ ಒಂದೊಂದೇ ಪೈಪ್ ಬತ್ತಿತು. 2022ರ ಸೆಪ್ಟೆಂಬರ್ 26ರಂದು ಬಾಲ್ಟಿಕ್ ಸಮುದ್ರದ ತಳದಲ್ಲಿ ರಷ್ಯಾದಿಂದ ಜರ್ಮನಿಗೆ ಹಾಕಿದ್ದ ನಾರ್ಡ್ ಸ್ಟ್ರೀಮ್ ಪೈಪ್‌ಗಳೇ ಸ್ಫೋಟಗೊಂಡವು. ಅದಕ್ಕೂ ಮೊದಲೇ, ಆಗಸ್ಟ್‌ನಲ್ಲಿ, ಯುರೋಪಿನ ಗ್ಯಾಸ್ ಬೆಲೆ ಮೆಗಾವ್ಯಾಟ್-ಗಂಟೆಗೆ 300 ಯೂರೋ ದಾಟಿತ್ತು. 2021ರ ಆರಂಭದಲ್ಲಿ ಅದು 20ರ ಆಸುಪಾಸಿನಲ್ಲಿತ್ತು.

ಯುರೋಪ್ ಮಾಡಿದ ಕೆಲಸ ಸಣ್ಣದಲ್ಲ. ಚಳಿಗಾಲಕ್ಕೆ ಮುಂಚೆ ನೆಲದಡಿಯ ಸಂಗ್ರಹಾಗಾರಗಳನ್ನು ಶೇ 80ರಷ್ಟು ತುಂಬಲೇಬೇಕು ಎಂದು ಕಾನೂನು ಮಾಡಿದರು, ಅದಕ್ಕಿಂತ ಜಾಸ್ತಿಯೇ ತುಂಬಿದರು. ಒಂದೂ ಎಲ್‌ಎನ್‌ಜಿ ಟರ್ಮಿನಲ್ (ಹಡಗಿನ ದ್ರವವನ್ನು ಇಳಿಸಿಕೊಂಡು ಮತ್ತೆ ಗ್ಯಾಸ್ ಮಾಡುವ ಜಾಗ) ಇಲ್ಲದ ಜರ್ಮನಿ ವಿಲ್ಹೆಲ್ಮ್ಸ್‌ಹಾವೆನ್‌ನಲ್ಲಿ ಕೆಲವೇ ತಿಂಗಳಲ್ಲಿ ತೇಲುವ ಟರ್ಮಿನಲ್ ನಿಲ್ಲಿಸಿತು, ಡಿಸೆಂಬರ್‌ನಲ್ಲಿ ಉದ್ಘಾಟನೆಯೂ ಆಯಿತು. ಸಂಗ್ರಹದ ಬೆಲೆ ಗೊತ್ತಾಗಬೇಕಾದರೆ ಬ್ರಿಟನ್ ನೋಡಬೇಕು. ತನ್ನ ಸಂಗ್ರಹ ಸಾಮರ್ಥ್ಯದ ಸುಮಾರು ಶೇ 70 ಇದ್ದ ರಫ್ ಎಂಬ ಸಮುದ್ರದಡಿಯ ಉಗ್ರಾಣ 2017ರಲ್ಲಿ ಮುಚ್ಚಿಹೋಗಿತ್ತು. ದುರಸ್ತಿಗೆ ದುಡ್ಡು ಹಾಕುವುದು ಲಾಭದ ಮಾತಾಗಿ ಕಂಡಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಅದರ ಒಂದು ಭಾಗವನ್ನು ಮತ್ತೆ ತೆರೆದರು.

ಆದರೆ ಯುರೋಪ್ ತುಂಬಿಸಿಕೊಂಡ ಗ್ಯಾಸ್ ಆಕಾಶದಿಂದ ಬೀಳಲಿಲ್ಲ. ಬೇರೆಡೆ ಹೋಗಬೇಕಿದ್ದ ಹಡಗುಗಳು ಆ ಕಡೆ ತಿರುಗಿದವು. ಇಲ್ಲಿ ಒಪ್ಪಂದದ ಒಳಮರ್ಮ ಸ್ವಲ್ಪ ತಿಳಿಯಬೇಕು. ಎಲ್‌ಎನ್‌ಜಿ ಕೊಳ್ಳಲು ಎರಡು ದಾರಿ. ಒಂದು, ಹತ್ತಿಪ್ಪತ್ತು ವರ್ಷದ ಒಪ್ಪಂದ. ಬೆಲೆ ಸಾಮಾನ್ಯವಾಗಿ ಕಚ್ಚಾ ತೈಲದ ದರಕ್ಕೆ ಗಂಟು ಹಾಕಿರುತ್ತದೆ. ತೆಗೆದುಕೊಂಡರೂ ಬಿಟ್ಟರೂ ದುಡ್ಡು ಕಟ್ಟಬೇಕು. ಇನ್ನೊಂದು ಸ್ಪಾಟ್, ಅಂದರೆ ಇವತ್ತಿನ ಹಡಗು ಇವತ್ತಿನ ರೇಟಿಗೆ. 2020ರಲ್ಲಿ ಕೋವಿಡ್‌ನಿಂದ ಬೇಡಿಕೆ ಬಿದ್ದಾಗ ಏಷ್ಯಾದ ಸ್ಪಾಟ್ ಬೆಲೆ ಎಂಎಂಬಿಟಿಯುಗೆ (ಗ್ಯಾಸ್‌ನ ಶಾಖವನ್ನು ಅಳೆಯುವ ಮಾನ ಅದು) 2 ಡಾಲರ್‌ಗೆ ಬಂದಿತ್ತು. ಆಗ ದೀರ್ಘ ಒಪ್ಪಂದ ಮಾಡಿಕೊಂಡವರು ದಡ್ಡರಂತೆ ಕಂಡರು. ಎರಡೇ ವರ್ಷದಲ್ಲಿ, 2022ರ ಆಗಸ್ಟ್‌ಗೆ, ಅದೇ ಬೆಲೆ 70 ಡಾಲರ್ ಹತ್ತಿರ.

ಬಾಂಗ್ಲಾದೇಶ 2022ರ ಜುಲೈನಲ್ಲಿ ಸ್ಪಾಟ್ ಖರೀದಿಯನ್ನೇ ನಿಲ್ಲಿಸಿತು. ಸರದಿ ಪ್ರಕಾರ ಕರೆಂಟ್ ಕಡಿತ ಶುರುವಾಯಿತು. ಅದೇ ತಿಂಗಳು ಪಾಕಿಸ್ತಾನ 100 ಕೋಟಿ ಡಾಲರ್‌ನ ಎಲ್‌ಎನ್‌ಜಿಗೆ ಟೆಂಡರ್ ಕರೆಯಿತು. ಒಬ್ಬನೇ ಒಬ್ಬ ಬಿಡ್ ಹಾಕಲಿಲ್ಲ. ದೀರ್ಘ ಒಪ್ಪಂದ ಇದ್ದವರಿಗೂ ಪೂರ್ತಿ ರಕ್ಷಣೆ ಸಿಗಲಿಲ್ಲ. ಹಡಗು ಕೊಡದಿದ್ದರೆ ಇಷ್ಟು ದಂಡ ಎಂದು ಕಾಗದದಲ್ಲಿ ಬರೆದಿರುತ್ತದೆ. ಆ ದಂಡ ಕಟ್ಟಿ, ಅದೇ ಹಡಗನ್ನು ಯುರೋಪಿಗೆ ಮಾರಿದರೂ ಕೈತುಂಬ ಉಳಿಯುವಾಗ ಮಾರುವವನು ಏನು ಮಾಡುತ್ತಾನೆ? ಪಾಕಿಸ್ತಾನಕ್ಕೆ ಬರಬೇಕಿದ್ದ ಒಪ್ಪಂದದ ಹಡಗುಗಳು ತಪ್ಪಿದವು. ಭಾರತಕ್ಕೂ ಆ ವರ್ಷ ಒಪ್ಪಂದದ ಕೆಲವು ಹಡಗುಗಳು ಬರಲಿಲ್ಲ. ಹಾಗಾಗಿ ದಂಡದ ಷರತ್ತಿನ ಒಂದು ಸಾಲು ಒಂದು ಟ್ಯಾಂಕ್‌ನಷ್ಟೇ ಮುಖ್ಯ. ಅದನ್ನು ಬರೆಯುವಾಗ ಮಾರುಕಟ್ಟೆ ತಣ್ಣಗಿರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಹಡಗು ಬಂದರೂ ಇಳಿಸಿಕೊಳ್ಳಲು ಜಾಗ ಬೇಕು. ಬಾಂಗ್ಲಾದೇಶದ ಮಹೇಶ್‌ಖಾಲಿ ಬಳಿ ಎರಡು ತೇಲುವ ಟರ್ಮಿನಲ್‌ಗಳಿವೆ. ಆಮದಾಗುವ ಎಲ್ಲ ಎಲ್‌ಎನ್‌ಜಿಗೂ ಅವೇ ಬಾಗಿಲು. 2024ರ ಮೇ ಕೊನೆಯಲ್ಲಿ ರೆಮಾಲ್ ಚಂಡಮಾರುತಕ್ಕೆ ಅವುಗಳಲ್ಲಿ ಒಂದು ಏಟು ತಿಂದು ತಿಂಗಳುಗಟ್ಟಲೆ ಕೆಲಸಕ್ಕೆ ಬರಲಿಲ್ಲ. ಅಷ್ಟೂ ದಿನ ಆಮದಿನ ಸಾಮರ್ಥ್ಯ ಅರ್ಧವೇ. ಇನ್ನು ಸಮುದ್ರದ ಇಕ್ಕಟ್ಟಿನ ಜಾಗಗಳ ಮಾತು. 2024ರ ಲೆಕ್ಕದಂತೆ ಜಗತ್ತಿನ ಎಲ್‌ಎನ್‌ಜಿ ವ್ಯಾಪಾರದ ಐದರಲ್ಲಿ ಒಂದು ಪಾಲು ಹೋರ್ಮುಜ್ ಜಲಸಂಧಿ ದಾಟಿ ಹೋಗುತ್ತಿತ್ತು, ಅದರಲ್ಲಿ ಬಹುಪಾಲು ಕತಾರ್‌ನದು. ಪೈಪ್ ಬೇಡ, ಹಡಗು ಸಾಕು, ಹಡಗಾದರೆ ಎಲ್ಲಿಂದ ಬೇಕಾದರೂ ತರಿಸಬಹುದು ಅನ್ನುವವರು ಈ ಅಂಕಿಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು.

ಸ್ಥಾವರ ಇದೆ, ಗ್ಯಾಸ್ ಇಲ್ಲ

ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನುವ ಮಾತಿಗೆ ಭಾರತದ ಗ್ಯಾಸ್ ಸ್ಥಾವರಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2009ರ ಏಪ್ರಿಲ್‌ನಲ್ಲಿ ಕೃಷ್ಣಾ-ಗೋದಾವರಿ ಕಣಿವೆಯ ಆಳ ಸಮುದ್ರದ ಡಿ6 ಬ್ಲಾಕ್‌ನಿಂದ ಗ್ಯಾಸ್ ಬರಲು ಶುರುವಾಯಿತು. ಒಂದೇ ವರ್ಷದಲ್ಲಿ ದಿನಕ್ಕೆ ಆರು ಕೋಟಿ ಘನ ಮೀಟರ್ ದಾಟಿತು. ಅದನ್ನು ನಂಬಿ ಸ್ಥಾವರಗಳು ಎದ್ದವು, ಬ್ಯಾಂಕ್‌ಗಳು ಸಾಲ ಕೊಟ್ಟವು. ಆಮೇಲೆ ಬಾವಿಗಳು ಅಂದುಕೊಂಡಂತೆ ನಡೆಯಲಿಲ್ಲ. ನಾಲ್ಕೈದು ವರ್ಷದಲ್ಲಿ ಉತ್ಪಾದನೆ ಕಾಲು ಭಾಗದಷ್ಟಕ್ಕೆ ಇಳಿಯಿತು. ಉಳಿದದ್ದರಲ್ಲಿ ಗೊಬ್ಬರದ ಕಾರ್ಖಾನೆಗಳಿಗೆ, ನಗರಗಳ ಗ್ಯಾಸ್ ಜಾಲಕ್ಕೆ ಮೊದಲ ಪಾಲು.

2015ರಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ ಹೀಗಿತ್ತು. ಗ್ಯಾಸ್ ಪೈಪ್‌ಗೆ ಜೋಡಣೆಯಾದ 24,150 ಮೆಗಾವ್ಯಾಟ್ ಸಾಮರ್ಥ್ಯದಲ್ಲಿ 14,305 ಮೆಗಾವ್ಯಾಟ್‌ಗೆ ದೇಶೀಯ ಗ್ಯಾಸ್ ಒಂದಿಷ್ಟೂ ಸಿಗುತ್ತಿರಲಿಲ್ಲ. ಉಳಿದವಕ್ಕೆ ಅರೆಬರೆ. ಆಮದು ಎಲ್‌ಎನ್‌ಜಿ ಹಾಕಿ ಓಡಿಸಲು ಎರಡು ವರ್ಷ ಸಹಾಯಧನ ಕೊಟ್ಟು ನೋಡಿದರು. ಸಹಾಯಧನ ನಿಂತಿತು, ಸ್ಥಾವರಗಳೂ ನಿಂತವು. ಕಲ್ಲಿದ್ದಲು, ಸೌರ ವಿದ್ಯುತ್ ಪಕ್ಕದಲ್ಲಿ ಎಲ್‌ಎನ್‌ಜಿ ಕರೆಂಟ್‌ನ ರೇಟ್ ಕೇಳಿದರೆ ಯಾವ ವಿತರಣಾ ಕಂಪನಿಯೂ ಹತ್ತಿರ ಬರುವುದಿಲ್ಲ. ಈಗ ಭಾರತದ ಕರೆಂಟ್‌ನಲ್ಲಿ ಗ್ಯಾಸ್‌ನ ಪಾಲು ಶೇ 2ರ ಆಸುಪಾಸು.

ಇಲ್ಲೊಂದು ತಮಾಷೆ ಇದೆ. 2024ರ ಬೇಸಿಗೆಯಲ್ಲಿ ಸಂಜೆಯ ಬೇಡಿಕೆಗೆ ಹೆದರಿ, ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಮೇ ಮತ್ತು ಜೂನ್‌ನಲ್ಲಿ ಗ್ಯಾಸ್ ಸ್ಥಾವರಗಳು ಓಡಲೇಬೇಕು ಎಂದು ಆದೇಶ ಮಾಡಬೇಕಾಯಿತು. ವರ್ಷವಿಡೀ ಯಾರಿಗೂ ಬೇಡವಾದ ಯಂತ್ರಗಳು ಎರಡು ತಿಂಗಳು ದೇಶಕ್ಕೆ ಆಸರೆ. ಗ್ಯಾಸ್‌ಗೆ ಹೆಚ್ಚು ಒಗ್ಗಿಕೊಳ್ಳದ ಕಾರಣ 2022ರಲ್ಲಿ ಭಾರತ ನೆರೆಯವರಷ್ಟು ನರಳಲಿಲ್ಲ ಎಂಬುದೂ ನಿಜ. ಬೇಕೆಂದು ಮಾಡಿದ ಜಾಣತನವಲ್ಲ ಅದು, ಗ್ಯಾಸ್ ಸಿಗದೆ ಆದದ್ದು. ಆದರೂ ಲಾಭ ಲಾಭವೇ.

ಬೆಲೆಯ ಬಗ್ಗೆ ಒಂದು ಮಾತು ಸೇರಿಸಬೇಕು. ವಿದ್ಯುತ್ ಮಾರುಕಟ್ಟೆ ಇರುವ ದೇಶಗಳಲ್ಲಿ ಅಗ್ಗದ ಸ್ಥಾವರದಿಂದ ಶುರು ಮಾಡಿ ಬೇಡಿಕೆ ತುಂಬುವವರೆಗೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಕೊನೆಗೆ ಕರೆದವನ ರೇಟೇ ಆ ಹೊತ್ತಿಗೆ ಎಲ್ಲರಿಗೂ. ಇಂಥ ಹಲವು ದೇಶಗಳಲ್ಲಿ ಆ ಕೊನೆಯವನು ಹೆಚ್ಚಿನ ಹೊತ್ತು ಗ್ಯಾಸ್ ಸ್ಥಾವರವೇ. ಹಾಗಾಗಿ ಗ್ಯಾಸ್‌ನ ಪಾಲು ಚಿಕ್ಕದಾದರೂ ಬೆಲೆಯ ಹೊಡೆತ ಇಡೀ ಬಿಲ್‌ಗೆ ಬೀಳುತ್ತದೆ. 2021ರ ಜನವರಿಯಲ್ಲಿ ಜಪಾನ್‌ನಲ್ಲಿ ಚಳಿ ಜಾಸ್ತಿಯಾಗಿ ಎಲ್‌ಎನ್‌ಜಿ ಟ್ಯಾಂಕ್‌ಗಳು ತಳ ಕಾಣತೊಡಗಿದಾಗ, ಮಾರುಕಟ್ಟೆಯಲ್ಲಿ ಒಂದು ಯೂನಿಟ್ ಕರೆಂಟ್ 251 ಯೆನ್‌ವರೆಗೆ ಹೋಯಿತು. ಮಾಮೂಲಿ ದಿನದಲ್ಲಿ ಅದು ಹತ್ತು ಯೆನ್ ಆಸುಪಾಸು. ಹೊಸ ಹಡಗು ಈಗ ಆರ್ಡರ್ ಮಾಡಿದರೆ ಬರಲು ಎರಡು ತಿಂಗಳು. ಚಳಿ ಅಷ್ಟು ದಿನ ಕಾಯುವುದಿಲ್ಲ.

ದಿನಗಳನ್ನು ಕೊಳ್ಳುವುದು

ಹಾಗಾದರೆ ಯಾರೂ ಸರಿಯಾಗಿ ಮಾಡುತ್ತಿಲ್ಲವೇ? ಸಿಂಗಾಪುರ ನೋಡಿ. ಅದರ ಕರೆಂಟ್‌ನಲ್ಲಿ ಶೇ 95ರಷ್ಟು ಗ್ಯಾಸ್‌ನದು, ಸ್ವಂತ ಗ್ಯಾಸ್ ಒಂದು ಹನಿಯೂ ಇಲ್ಲ. ಕಾಗದದ ಮೇಲೆ ಇದಕ್ಕಿಂತ ದುರ್ಬಲ ದೇಶ ಇರಲಾರದು. ಮೊದಲು ಮಲೇಷ್ಯಾ, ಇಂಡೋನೇಷ್ಯಾದ ಪೈಪ್‌ಗಳೇ ಗತಿಯಾಗಿದ್ದವು. 2013ರಲ್ಲಿ ಎಲ್‌ಎನ್‌ಜಿ ಟರ್ಮಿನಲ್ ಶುರುವಾಯಿತು. ಸ್ಥಾವರಗಳು ಗ್ಯಾಸ್ ಇಲ್ಲದಾಗ ಡೀಸೆಲ್‌ನಲ್ಲೂ ಓಡುವಂತಿವೆ, ಆ ಡೀಸೆಲ್ ದಾಸ್ತಾನು ಇಡುವುದೂ ಕಡ್ಡಾಯ. 2021ರಲ್ಲಿ ಬೆಲೆ ಏರಿದಾಗ ಸ್ಥಾವರಗಳು ತುರ್ತಿಗೆ ತೆಗೆದುಕೊಳ್ಳಲೆಂದೇ ಎಲ್‌ಎನ್‌ಜಿ ಮೀಸಲು ವ್ಯವಸ್ಥೆಯನ್ನೂ ಮಾಡಿದರು. ಡೀಸೆಲ್‌ನಲ್ಲಿ ಓಡಿಸಿದರೆ ದುಬಾರಿ, ಹೊಗೆಯೂ ಜಾಸ್ತಿ. ಆದರೆ ಡೀಸೆಲ್ ಟ್ಯಾಂಕ್ ಸ್ಥಾವರದ ಪಕ್ಕದಲ್ಲೇ ಕೂರುತ್ತದೆ. ಕಲ್ಲಿದ್ದಲಿನ ಗುಡ್ಡದ ಹಾಗೆ ಕಣ್ಣಿಗೆ ಕಾಣುವ ದಿನಗಳು ಅವು.

ಇದರ ಖರ್ಚನ್ನು ಯಾರು ಹೊರಬೇಕು ಎಂಬುದೇ ಎಲ್ಲ ಕಡೆ ಜಗಳ. ಉಗ್ರಾಣ, ಎರಡನೇ ಪೈಪ್, ಬಳಸದ ಡೀಸೆಲ್, ಮೂರನೇ ಟ್ಯಾಂಕ್, ಎಲ್ಲವೂ ಒಳ್ಳೆಯ ವರ್ಷದಲ್ಲಿ ದಂಡವಾಗಿ ಕಾಣುತ್ತವೆ. ಲೆಕ್ಕ ಪರಿಶೋಧಕ ಬಂದು, ಐದು ವರ್ಷದಿಂದ ಬಳಸಿಲ್ಲ, ಯಾಕೆ ಇಟ್ಟಿದ್ದೀರಿ ಎಂದು ಕೇಳುತ್ತಾನೆ. ರಫ್ ಮುಚ್ಚಿದ್ದು ಇದೇ ಲೆಕ್ಕಕ್ಕೆ. ಮಾರುಕಟ್ಟೆಗೆ ಬಿಟ್ಟರೆ ಮಾರುಕಟ್ಟೆ ಇಂಥದ್ದನ್ನು ಕಟ್ಟುವುದಿಲ್ಲ ಎಂಬುದು ನನ್ನ ನಂಬಿಕೆ. ಖಾಸಗಿ ಕಂಪನಿಗೆ ಕತ್ತಲಾದ ದಿನದ ನಷ್ಟದಲ್ಲಿ ಒಂದು ಚೂರು ಮಾತ್ರ ತಟ್ಟುತ್ತದೆ. ಉಳಿದದ್ದು ಆಸ್ಪತ್ರೆಗೆ, ಅಂಗಡಿಗೆ, ಮನೆಗೆ. ಕಾನೂನಿನಿಂದ ಕಡ್ಡಾಯ ಮಾಡಿ, ಬಿಲ್‌ನಲ್ಲಿ ಕೆಲವು ಪೈಸೆ ಸೇರಿಸುವುದೇ ಪ್ರಾಮಾಣಿಕವಾದ ದಾರಿ.

ಬಿಸಿಲು ಮತ್ತು ಬ್ಯಾಟರಿ ಈ ಲೆಕ್ಕವನ್ನು ಬದಲಾಯಿಸುತ್ತಿವೆ. ಅಂದುಕೊಂಡಷ್ಟು ಸರಳವಾಗಿ ಅಲ್ಲ. ಹಗಲು ಸೌರ ವಿದ್ಯುತ್ ತುಂಬಿದರೆ ಗ್ಯಾಸ್ ಉಳಿಯುತ್ತದೆ, ಅಂದರೆ ಟ್ಯಾಂಕ್‌ನಲ್ಲಿರುವ 11 ದಿನ 15 ದಿನವಾಗುತ್ತದೆ. ಇದು ನೇರ ಲಾಭ. ಆದರೆ ಸಂಜೆ ಆರರಿಂದ ಹತ್ತರವರೆಗೆ ಎಲ್ಲ ಗ್ಯಾಸ್ ಸ್ಥಾವರಗಳೂ ಒಮ್ಮೆಲೇ ಏಳಬೇಕಾಗುತ್ತದೆ. ಪೈಪ್‌ಗೆ ದಿನವಿಡೀ ಒಂದೇ ಸಮನೆ ಎಳೆದರೆ ಹಿತ. ನಾಲ್ಕು ಗಂಟೆಯಲ್ಲಿ ಇಡೀ ದಿನದ ಪಾಲು ಎಳೆದರೆ ಲೈನ್‌ಪ್ಯಾಕ್ ಬರಿದಾಗುತ್ತದೆ. ವರ್ಷದಲ್ಲಿ ಉರಿಯುವ ಗ್ಯಾಸ್ ಕಡಿಮೆ, ಆದರೆ ಬೇಕಾದ ಪೈಪ್‌ನ ದಪ್ಪ ಅಷ್ಟೇ. ಕಡಿಮೆ ಯೂನಿಟ್‌ನ ಮೇಲೆ ಅದೇ ಪೈಪ್‌ನ ಖರ್ಚು ಹಂಚಬೇಕು. ಸಂಜೆಯ ಆ ನಾಲ್ಕು ಗಂಟೆಯನ್ನು ಬ್ಯಾಟರಿ ನೋಡಿಕೊಳ್ಳುವಲ್ಲೆಲ್ಲ ಈ ಒತ್ತಡ ಕಡಿಮೆಯಾಗುತ್ತದೆ. ವಾರಗಟ್ಟಲೆ ಮೋಡ ಕವಿದು ಗಾಳಿಯೂ ನಿಂತರೆ ಮಾತ್ರ ಬ್ಯಾಟರಿಯ ಕೈಲಿ ಆಗುವುದಿಲ್ಲ.

ದೀರ್ಘ ಒಪ್ಪಂದಕ್ಕೆ ಸಹಿ ಹಾಕುವವರಿಗೆ ಈಗ ಇದೇ ತಲೆನೋವು. ಪಾಕಿಸ್ತಾನವನ್ನೇ ನೋಡಿ. 2022ರಲ್ಲಿ ಟೆಂಡರ್ ಕರೆದರೂ ಹಡಗು ಸಿಗಲಿಲ್ಲ. ಕಡಿತ ಮತ್ತು ಬಿಲ್ ಎರಡಕ್ಕೂ ಬೇಸತ್ತ ಜನ ಸರ್ಕಾರಕ್ಕೆ ಕಾಯಲಿಲ್ಲ. ಮನೆ, ಕಾರ್ಖಾನೆ, ಹೊಲದ ಪಂಪ್, ಎಲ್ಲದಕ್ಕೂ ತಾವೇ ಸೌರ ಫಲಕ ಹಾಕಿಸಿಕೊಂಡರು. 2024 ಒಂದೇ ವರ್ಷದಲ್ಲಿ ಸುಮಾರು 17 ಗಿಗಾವ್ಯಾಟ್‌ನಷ್ಟು ಫಲಕಗಳು ಆಮದಾದವು. ಗ್ರಿಡ್‌ನಿಂದ ಕರೆಂಟ್ ಕೊಳ್ಳುವುದು ಕಡಿಮೆಯಾಯಿತು, ಗ್ಯಾಸ್ ಸ್ಥಾವರಗಳು ಸುಮ್ನೆ ನಿಂತವು. ಕತಾರ್‌ನ ಒಪ್ಪಂದದ ಹಡಗುಗಳು ಮಾತ್ರ ಸಾಲಾಗಿ ಬರುತ್ತಲೇ ಇದ್ದವು. ತೆಗೆದುಕೊಂಡರೂ ಬಿಟ್ಟರೂ ದುಡ್ಡು ಕಟ್ಟಬೇಕು. ಮೂರು ವರ್ಷದ ಹಿಂದೆ ಒಂದು ಹಡಗಿಗಾಗಿ ಅಲೆದ ದೇಶ ಈ ಹಡಗುಗಳನ್ನು ಈಗಲೇ ಕಳಿಸಬೇಡಿ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಎಂದು 2025ರಲ್ಲಿ ಕತಾರ್‌ಗೆ ಹೇಳಿ ಕಳಿಸಿತು.